ಅತ್ತೆಯ ಬೆನ್ನಡಿಯ ತುಪ್ಪಟ

ಉಣ್ಣೆಯ ಕೆಲಸ ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ. ಕೇಳಿದವರು ಯಾವುದೋ ದೊಡ್ಡ ಕಲಾಶಾಲೆಯ ಹೆಸರಿಗೆ ಕಾಯುತ್ತಿರುತ್ತಾರೆ. ನಾನು ಕಲಿತದ್ದು ಅತ್ತೆಯ ಮಂಚದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದೂ ಒಂದು ಚೀಲ ಉಣ್ಣೆಯನ್ನು ಪೂರ್ತಿ ಕೆಡಿಸಿ ಹಾಕಿದ ಮೇಲೆ. ಅದನ್ನೆಲ್ಲ ಹೇಳುತ್ತಾ ಕೂತರೆ ಕಾಫಿ ಆರಿಹೋಗುತ್ತದೆ, ಹಾಗಾಗಿ ‘ಮನೆಯಲ್ಲೇ ಕಲಿತೆ’ ಎಂದು ಸುಮ್ಮನಾಗುತ್ತೇನೆ. ಈ ಸಲ ಆರಿದರೆ ಆರಲಿ.

ನಾನು ಹುಟ್ಟಿದ್ದು ಹಾಲ್ಕುರಿಕೆ ಕಡೆ. ಮದುವೆಯಾಗಿ ಬಂದದ್ದು ಶೆಟ್ಟಿಕೆರೆ ಹತ್ತಿರದ ಒಂದು ತೋಟದ ಮನೆಗೆ. ಎರಡೂ ಕಡೆ ತಲೆ ಎತ್ತಿದರೆ ತೆಂಗು, ತಗ್ಗಿಸಿದರೆ ಮಟ್ಟೆ. ಕೊಬ್ಬರಿ ಗಂಡಸರ ವ್ಯವಹಾರ. ತಿಪಟೂರಿಗೆ ಹೋಗಿ ಮಾರಿ, ದರದ ಬಗ್ಗೆ ಬಂದವರ ಮುಂದೆಲ್ಲ ಗೊಣಗುವುದು ಅವರ ಸಂತೋಷ. ಸುಲಿದು ಬಿಸಾಕಿದ ಮಟ್ಟೆ ನಮ್ಮದು. ಕೆರೆ ಪಕ್ಕದ ಗುಂಡಿಯಲ್ಲಿ ಅದನ್ನು ತಿಂಗಳುಗಟ್ಟಲೆ ನೆನೆಹಾಕಿ, ಕೊಳೆತ ನೀರಿನಿಂದ ಎತ್ತಿ, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದೆವು. ಬಡಿದಷ್ಟೂ ನಾರು ಬಿಡಿಬಿಡಿಯಾಗುತ್ತಿತ್ತು. ನೀರು, ಕೊಡತಿ, ರಟ್ಟೆ, ಈ ಮೂರಿದ್ದರೆ ಯಾವ ನಾರಾದರೂ ಮಾತು ಕೇಳುತ್ತದೆ ಎಂಬುದು ನಾನು ಅಕ್ಷರಕ್ಕಿಂತ ಮೊದಲು ಕಲಿತ ಪಾಠ.

ನನಗೆ ನಾರಿನ ಕೆಲಸದಲ್ಲಿ ಜಂಬವೂ ಇತ್ತು. ಮದುವೆಗೆ ಮುಂಚೆ ತಿಪಟೂರಿನಲ್ಲಿ ಹೆಂಗಸರಿಗೆಂದು ನಡೆಸಿದ ತರಬೇತಿಗೆ ಹೋಗಿ ನಾರಿಗೆ ಬಣ್ಣ ಹಾಕುವುದು, ಚಾಪೆ, ಗೋಡೆಗೆ ತೂಗುಹಾಕುವ ಚಿತ್ರ ಎಲ್ಲ ಕಲಿತಿದ್ದೆ. ಗಂಡನ ಮನೆಗೆ ಬರುವಾಗ ನಾರಿನಲ್ಲೇ ಮಾಡಿದ ಒಂದು ನವಿಲನ್ನು ಹೊತ್ತು ತಂದೆ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಧೂಳು ಕೂರುವ ವಸ್ತು ನಡುಮನೆಗೆ ಬೇಡ ಎಂದು ದನದ ಕೊಟ್ಟಿಗೆಯ ಗೋಡೆಗೆ ಹಾಕಿಸಿದರು. ಒಂದೇ ವಾರಕ್ಕೆ ಗುಬ್ಬಚ್ಚಿಗಳು ಅದರ ಬಾಲ ಕಿತ್ತು ಗೂಡು ಕಟ್ಟಿಕೊಂಡವು. ಅಂತೂ ಯಾರಿಗೋ ಉಪಯೋಗಕ್ಕೆ ಬಂತು ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು.

ಅತ್ತೆ ಅಂದರೆ ಹಾಗೆ. ನಾಲಿಗೆ ಚುರುಕು, ಕೈ ಅದಕ್ಕಿಂತ ಚುರುಕು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬೆಳಗ್ಗೆ ತೋಟಕ್ಕೆ ಇಳಿದರೆಂದರೆ ಬಿದ್ದ ಗರಿ, ಉದುರಿದ ಕಾಯಿ, ಆಳುಗಳ ಸೋಮಾರಿತನ, ನನ್ನ ಅಡುಗೆ, ಯಾವುದೂ ಅವರ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವರನ್ನು ಕಂಡರೆ ನನಗೆ ಆಗ ಪ್ರೀತಿ ಇತ್ತೇ ಎಂದರೆ ಇರಲಿಲ್ಲ. ಹೆದರಿಕೆ ಇತ್ತು, ಆಗಾಗ ಸಿಟ್ಟೂ ಬರುತ್ತಿತ್ತು.

ಉಣ್ಣೆ ಎಂದರೆ ಆಗ ನಮಗೆ ಕರಿಕಂಬಳಿ, ಅಷ್ಟೇ. ಮದುವೆ ಮುಂಜಿಯಲ್ಲಿ ಗದ್ದುಗೆಗೆ ಹಾಸಲು ಒಂದು ಮಡಚಿ ಪೆಟ್ಟಿಗೆಯಲ್ಲಿರುತ್ತಿತ್ತು; ಮಳೆಯಲ್ಲಿ ಗಂಡಸರು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಳ್ಳಲು ಇನ್ನೊಂದು ಗೂಟದಲ್ಲಿ ನೇತಾಡುತ್ತಿತ್ತು. ಮೈಗೆ ತಾಗಿದರೆ ಚುಚ್ಚುತ್ತದೆ, ನೆನೆದರೆ ನಾರುತ್ತದೆ, ಇಷ್ಟೇ ನನಗೆ ಅದರ ಬಗ್ಗೆ ಗೊತ್ತಿದ್ದದ್ದು. ಕುರಿಯ ಮೈಮೇಲೆ ಬೆಳೆಯುವ ನಾರು ಎಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಬೇಸಿಗೆಯಲ್ಲಿ ಅತ್ತೆ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ರಸ್ತೆಗೆ, ಅಲ್ಲಿಂದ ಒಂದು ವ್ಯಾನಿನಲ್ಲಿ ತಿಪಟೂರಿಗೆ ಕರೆದುಕೊಂಡು ಹೋದೆವು. ಆಪರೇಷನ್ ಈ ವಯಸ್ಸಿಗೆ ಬೇಡ, ಕಾಲಿಗೆ ತೂಕ ಕಟ್ಟಿ ಮಲಗಿಸಿ, ಮೂಳೆ ತಾನೇ ಕೂಡಿಕೊಳ್ಳಬೇಕು ಎಂದರು ಡಾಕ್ಟರು. ಕೆಲವು ದಿನ ಅಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಕಾಲಿಗೆ ಪಟ್ಟಿ ಸುತ್ತಿ, ಪಟ್ಟಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಇಟ್ಟಿಗೆ ತುಂಬಿದ ಚೀಲವನ್ನು ಮಂಚದ ಕಾಲುಕಡೆಯಿಂದ ಇಳಿಬಿಟ್ಟೆವು. ಏಳುವ ಹಾಗಿಲ್ಲ, ಮಗ್ಗುಲಾಗುವ ಹಾಗಿಲ್ಲ. ದಿನಕ್ಕೆ ನೂರು ಸಲ ತೋಟಕ್ಕೂ ಮನೆಗೂ ತಿರುಗುತ್ತಿದ್ದ ಜೀವ ಸೂರು ನೋಡಿಕೊಂಡು ಅಂಗಾತ ಮಲಗಿತು.

ಅವರು ಮಲಗಿದ್ದದ್ದು ನಾನು ತುಂಬಿಸಿದ್ದ ನಾರಿನ ಹಾಸಿಗೆಯ ಮೇಲೆ. ಗಟ್ಟಿಯಾಗಿದೆ, ಬೆನ್ನಿಗೆ ಒಳ್ಳೆಯದು ಎಂದು ನಾನೇ ಹೇಳಿ ಹಾಕಿಸಿದ್ದೆ. ಕಾಲಿನ ಪಟ್ಟಿ ನೋಡಲು ಬರುತ್ತಿದ್ದ ನರ್ಸಮ್ಮ ಒಂದು ಬೆಳಗ್ಗೆ ನನ್ನ ಮತ್ತು ನನ್ನ ಗಂಡನ ಕೈಯಲ್ಲಿ ಅತ್ತೆಯನ್ನು ಒಂದಿಷ್ಟು ಎತ್ತಿಸಿ ಸೊಂಟದ ಕೆಳಗೆ, ಮೂಳೆ ಉಬ್ಬಿರುವ ಜಾಗ ನೋಡಿದರು. ಅಂಗೈಯಗಲ ಚರ್ಮ ಕೆಂಪಗಾಗಿ, ನಡುವೆ ಕಿತ್ತುಹೋಗಿತ್ತು. ನರ್ಸಮ್ಮ ನನ್ನನ್ನು ಪಡಸಾಲೆಗೆ ಕರೆದರು.

“ಹಾಸಿಗೆ ಹುಣ್ಣು ಶುರುವಾಗಿದೆ ಕಣಮ್ಮ. ಮೆತ್ತಗಿರ್ಬೇಕು, ಒಣಗಿರ್ಬೇಕು, ಅಷ್ಟು ನೋಡ್ಕೊ. ಕಪ್ಪಾಗಿ ಒಳಕ್ಕೆ ಇಳಿದ್ರೆ ನನ್ ಕೈಲಾಗಲ್ಲ. ಬೆಂಗ್ಳೂರಿಗೆ ಸಾಗಿಸ್ಬೇಕಾಗುತ್ತೆ. ಸಾಗಿಸಿದ್ರೂ ಏನು ಅಂತ ಹೇಳಕ್ಕಾಗಲ್ಲ.”

ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಹೆತ್ತವ್ವ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಕಾಯಿಲೆ ಬೇರೆ ಏನೋ ಇತ್ತು, ಆದರೆ ಅವಳನ್ನು ತಿಂದದ್ದು ಬೆನ್ನಿನ ಹುಣ್ಣು. ಕೋಣೆಯ ಬಾಗಿಲಿಗೆ ಹೋದರೆ ಬರುತ್ತಿದ್ದ ಆ ವಾಸನೆ ನನಗೆ ಇವತ್ತಿಗೂ ಗೊತ್ತು. ಬಾಯಿ ಜೋರಿನ ಈ ಅತ್ತೆ ನನಗೆ ಇಷ್ಟವೋ ಅಲ್ಲವೋ, ಅದು ಬೇರೆ ಮಾತು. ಒಬ್ಬಳನ್ನು ಹಾಗೆ ಕಳಿಸಿಕೊಟ್ಟದ್ದು ಸಾಕು, ಇನ್ನೊಬ್ಬರನ್ನು ಕಳಿಸಲಾರೆ ಎಂದು ಪಡಸಾಲೆಯ ಕಂಬ ಹಿಡಿದುಕೊಂಡು ನಿಂತೆ.

ಬೆಂಗಳೂರಿನ ಮಾತು ಅತ್ತೆಯ ಕಿವಿಗೆ ಬೀಳದಿರುತ್ತದೆಯೇ. ಮಗನನ್ನು ಕರೆದು ಕೂರಿಸಿಕೊಂಡರು.

“ನನ್ನ ಈ ಮಂಚದಿಂದ ಎತ್ತಿ ವ್ಯಾನಿಗೆ ಹಾಕಿದ್ರೆ ಅಲ್ಲಿಗೆ ಮುಗೀತು ಕಣಪ್ಪ. ದಾರೀಲಿ ಸಾಯಕ್ಕೆ ನಂಗಿಷ್ಟ ಇಲ್ಲ. ಇಲ್ಲೇ ಬುಟ್ಬುಡು.”

ಅವರು ಬೇಡಿಕೊಂಡದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಗಂಡ ಎದ್ದು ತೋಟಕ್ಕೆ ಹೋದ.

ನಾರಿನ ಹಾಸಿಗೆಯನ್ನು ಅಂದೇ ಎಳೆದು ಹೊರಗೆ ಹಾಕಿದೆ. ಹತ್ತಿಯ ಹಾಸಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಬೆವರು ಕುಡಿದು ತಣ್ಣಗೆ ಒದ್ದೆ, ನಾಲ್ಕು ದಿನಕ್ಕೆ ಗಂಟುಗಂಟು. ಯಾರೋ ಹೇಳಿದರೆಂದು ಬಾಳೆಎಲೆ ಹಾಸಿದೆ. ತಂಪಾಗಿದೆ ಎಂದು ಅತ್ತೆಗೆ ಅದು ಹಿಡಿಸಿತು, ಆದರೆ ಎಲೆ ಹರಿದು ಸುರುಟಿಕೊಂಡು ಅದರ ದಿಂಡೇ ಒತ್ತತೊಡಗಿತು. ಹುಣ್ಣು ಅಗಲವಾಗುತ್ತಲೇ ಇತ್ತು. ದಿನಾ ಬೆಳಗ್ಗೆ ಬ್ಯಾಂಡೇಜು ಬಿಚ್ಚಿದಾಗ ನಾನು ಮೂಗಿನಿಂದ ನೋಡುತ್ತಿದ್ದೆ. ಇನ್ನೂ ಆ ವಾಸನೆ ಬಂದಿರಲಿಲ್ಲ. ಎಂದು ಬರುತ್ತದೋ ಎಂಬ ಹೆದರಿಕೆಯಲ್ಲಿ ರಾತ್ರಿಯೂ ಎದ್ದುಹೋಗಿ ಮೂಸಿ ಬರುತ್ತಿದ್ದೆ.

ಆ ವಾರ ನಮ್ಮ ತೋಟದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿಸಿ ನಿಲ್ಲಿಸಿಕೊಂಡಿದ್ದೆವು. ಪ್ರತಿವರ್ಷವೂ ಅದೇ ಕುಟುಂಬ ಬರುತ್ತಿತ್ತು. ಮಂದೆಯ ಯಜಮಾನನ ಹೆಂಡತಿ ಮಜ್ಜಿಗೆಗೆಂದು ಹಿತ್ತಿಲ ಬಾಗಿಲಿಗೆ ಬಂದವಳು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಅವಳ ಮಾವ ಬಂಡೆಯಿಂದ ಬಿದ್ದು ಮಲಗಿದ್ದಾಗ ತುಪ್ಪಟದ ಮೇಲೆ ಮಲಗಿಸಿದ್ದರಂತೆ, ಮೈ ಒಂದಿಷ್ಟೂ ಕಿತ್ತುಹೋಗಲಿಲ್ಲವಂತೆ. ಕುರಿಯ ಮೈಯಿಂದ ಕತ್ತರಿಸಿದ ಹಸಿ ಉಣ್ಣೆಗೆ ಅವರು ತುಪ್ಪಟ ಎನ್ನುತ್ತಿದ್ದರು. ಹೋದ ಸಲ ಕತ್ತರಿಸಿದ್ದು ಒಂದು ಚೀಲ ಉಳಿದಿತ್ತು, ತಂದು ಕೊಟ್ಟಳು. ಕಸಕಡ್ಡಿ ಇದೆ, ತೊಳೆದು ಹಾಸು ಎಂದಳು. ಮರುದಿನ ಮಂದೆ ಎಬ್ಬಿಸಿಕೊಂಡು ಹೋದರು.

ತೊಳೆದು ಹಾಸು. ಅದಕ್ಕೇನಂತೆ, ನಾರು ತೊಳೆಯುವುದು ನನಗೆ ಹೇಳಿಕೊಡಬೇಕೇ. ಹಂಡೆಯಲ್ಲಿ ನೀರು ಕುದಿಸಿದೆ. ಅಂಟುವಾಳ ಜಜ್ಜಿ ಹಾಕಿದೆ. ತುಪ್ಪಟವನ್ನೆಲ್ಲ ಅದರಲ್ಲಿ ಮುಳುಗಿಸಿ ಚೆನ್ನಾಗಿ ನೆನೆಸಿ, ಒಗೆಯುವ ಕಲ್ಲಿನ ಮೇಲೆ ಹರಡಿ, ಸೆರಗು ಸಿಕ್ಕಿಸಿ ಕೊಡತಿ ಎತ್ತಿದೆ. ಬಡಿದರೆ ಅದು ಬಿಡಿಯಾಗಲಿಲ್ಲ, ಇನ್ನಷ್ಟು ಒತ್ತೊತ್ತಾಯಿತು. ಇನ್ನೂ ಕೊಳೆ ಇರಬೇಕು ಎಂದುಕೊಂಡು ಮತ್ತೆ ಬಿಸಿನೀರು ಸುರಿದೆ, ಮತ್ತೆ ಬಡಿದೆ. ಹಠ ಬಂದುಬಿಟ್ಟಿತು. ಎರಡು ರಟ್ಟೆಯೂ ಬಿದ್ದುಹೋಗುವ ತನಕ ಬಡಿದೆ. ಕೊನೆಗೆ ಕಲ್ಲಿನ ಮೇಲೆ ಉಳಿದದ್ದು ಒಂದು ಕಪ್ಪು ಹಲಗೆ. ಉಗುರು ಹಾಕಿ ಎಳೆದರೂ ಒಂದು ಎಳೆ ಬರಲಿಲ್ಲ.

ನನ್ನ ಗಂಡ ಬಂದು ಅದನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದ. ಕೊಟ್ಟಿಗೆಗೆ ಬಾಗಿಲು ಬೇಕಿತ್ತು ಎಂದ. ನನಗೆ ಎಲ್ಲಿತ್ತೋ ಕೋಪ, ಕೊಡತಿಯನ್ನು ಬಾಳೆ ಗಿಡಗಳ ಕಡೆಗೆ ಬೀಸಿ ಎಸೆದು, ಅಲ್ಲೇ ಕಲ್ಲಿನ ಮೇಲೆ ಕೂತು ಗೋಳೋ ಎಂದು ಅತ್ತುಬಿಟ್ಟೆ. ಒಳಗಿನಿಂದ ಅತ್ತೆ ಏನದು ಗಲಾಟೆ ಎಂದು ಕೂಗಿ ಕೇಳಿದರು. ಗಂಡ ಆ ಹಲಗೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿದ. ಅತ್ತೆ ನಕ್ಕರು. ನಕ್ಕದ್ದಕ್ಕೆ ಸೊಂಟ ನೊಂದು ಅಯ್ಯೋ ಎಂದರು, ಮತ್ತೆ ನಕ್ಕರು.

“ಚಟ್ಟಕ್ಕೆ ಬಿದಿರು ಹುಡುಕೋದು ಬ್ಯಾಡ ಬುಡು. ನಮ್ ಸೊಸೆ ಉಣ್ಣೇಲೇ ಮಾಡವ್ಳೆ.”

ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನನಗೆ ಮಾತ್ರ ನಗು ಬರಲಿಲ್ಲ. ಇದ್ದದ್ದು ಒಂದು ಚೀಲ, ಅದನ್ನೂ ಹಾಳು ಮಾಡಿದ್ದೆ.

ಮಂದೆಯವರು ಅಮ್ಮಸಂದ್ರದ ಆಚೆ ಒಂದು ತೋಟಕ್ಕೆ ಹೋಗುತ್ತಾರೆಂದು ಗಂಡನಿಗೆ ಗೊತ್ತಿತ್ತು. ನಾನೇ ಹೋಗಿಬರುತ್ತೇನೆ ಎಂದೆ. ಅವನು ಅವತ್ತು ಎಲ್ಲೂ ಹೋಗದೆ ತಾಯಿಯ ಹತ್ತಿರ ಕೂರಲು ಒಪ್ಪಿಕೊಂಡ. ಶೆಟ್ಟಿಕೆರೆಯಿಂದ ಬಸ್ಸು, ತಿಪಟೂರಿನಿಂದ ಪ್ಯಾಸೆಂಜರ್ ರೈಲು. ಕೆಟ್ಟುಹೋದ ಆ ಹಲಗೆಯಲ್ಲಿ ಒಂದು ತುಂಡು ಕತ್ತರಿಸಿ ಚೀಲದಲ್ಲಿಟ್ಟುಕೊಂಡಿದ್ದೆ, ಏನು ತಪ್ಪಾಯಿತೆಂದು ಕೇಳಲು. ಅಮ್ಮಸಂದ್ರದಲ್ಲಿ ಇಳಿದು, ಕಾರ್ಖಾನೆಯ ಸಿಮೆಂಟಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ್ದ ತೆಂಗಿನ ಗರಿಗಳ ಕೆಳಗೆ ಕೇಳುತ್ತಾ ಕೇಳುತ್ತಾ ನಡೆದೆ. ಕುರಿ ಅರಚುವುದು ದೂರದಿಂದಲೇ ಕೇಳಿಸಿತು.

ಮಂದೆಯೆಲ್ಲ ಕೆರೆಯಲ್ಲಿತ್ತು. ಗಂಡಸರು ಎದೆಮಟ್ಟದ ನೀರಲ್ಲಿ ನಿಂತು ಒಂದೊಂದೇ ಕುರಿಯನ್ನು ಹಿಡಿದು ಮೈ ಉಜ್ಜಿ ಈಜಿಸಿ ದಡಕ್ಕೆ ಬಿಡುತ್ತಿದ್ದರು. ಹಿಂದಿನ ದಿನ ತೊಳೆದು ಒಣಗಿದವನ್ನು ದಡದ ಮೇಲೆ ಕಾಲು ಕಟ್ಟಿ ಮಲಗಿಸಿಕೊಂಡು ದೊಡ್ಡ ಕತ್ತರಿಯಿಂದ ತುಪ್ಪಟ ಕತ್ತರಿಸುತ್ತಿದ್ದರು. ಕತ್ತರಿಸಿದ್ದು ಒಂದೇ ಕಂಬಳಿಯ ಹಾಗೆ ಬಿಚ್ಚಿಕೊಂಡು ಬರುತ್ತಿತ್ತು. ಮಂದೆಯವಳು ಕೂಲಿಯಾಳುಗಳಿಗೆ ಮುದ್ದೆ ಬಡಿಸುತ್ತಿದ್ದಳು. ನಾನು ಕೊಟ್ಟ ತುಂಡನ್ನು ಮೂಸಿ, ಹಿಚುಕಿ, ಹಲ್ಲಿನಲ್ಲಿ ಕಚ್ಚಿ ನೋಡಿ, ಇದನ್ನು ಏನು ಮಾಡಿದೆ ಎಂದು ಕೇಳಿದಳು. ಹೇಳಿದೆ. ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕಳು.

“ಅದ್ನ ಕುರಿ ಮೈಮ್ಯಾಲೇ ತೊಳ್ಯೋದು ಕಣವ್ವ. ಕತ್ತರಿಸಿದ ಮ್ಯಾಲೆ ಸುಮ್ಕೆ ತಣ್ಣೀರಲ್ಲಿ ಅದ್ದಿ ತೆಗ್ದು ನೆಳ್ಳಲ್ಲಿ ಹಾಕ್ಬೇಕು. ನಿಂಗೆ ತಿಳೀದು ಅಂತ ನಂಗೇನು ಗೊತ್ತು?”

ನನಗೆ ಅವಮಾನವೇನೂ ಆಗಲಿಲ್ಲ, ಏಕೆಂದರೆ ನಕ್ಕು ಸಾಕಾದ ಮೇಲೆ ಅವಳು ತನ್ನದೂ ಒಂದು ಹೇಳಿದಳು. ಒಂದು ಸಲ ಹಗ್ಗ ಬೇಕಾಗಿ ಯಾರದೋ ತೋಟದಿಂದ ಮಟ್ಟೆ ತಂದು ಒಂದು ದಿನ ನೆನೆಸಿ, ಉಣ್ಣೆಯನ್ನು ಹಿಂಜುವ ಹಾಗೆ ಬೆರಳಿನಿಂದ ಹಿಂಜಲು ಹೋಗಿ, ಉಗುರೆಲ್ಲ ಕಿತ್ತುಕೊಂಡು, ಅದನ್ನು ಬೆಳೆದವರ ವಂಶಕ್ಕೆಲ್ಲ ಶಾಪ ಹಾಕಿದ್ದಳಂತೆ. ಆ ವಂಶ ನಮ್ಮದೇ ಎಂದೆ. ಇಬ್ಬರೂ ನಕ್ಕೆವು.

ಅವಳು ಕತ್ತೆಯ ಹೇರಿನಿಂದ ಒಂದು ಗಂಟು ಇಳಿಸಿದಳು. ಮರಿಗಳ ಮೊದಲ ತುಪ್ಪಟ. ಮಗಳ ಮದುವೆ ಕಂಬಳಿಗೆಂದು ಕೂಡಿಟ್ಟದ್ದು. ಕೈ ಹಾಕಿ ನೋಡಿದೆ. ನಮ್ಮ ಮನೆಯ ಗೂಟದಲ್ಲಿ ನೇತಾಡುತ್ತಿದ್ದ ಕಂಬಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕೈ ಮಣಿಕಟ್ಟಿನ ತನಕ ಒಳಗೆ ಹೋಯಿತು, ಬೆಚ್ಚಗೆ, ಜಿಡ್ಡಾಗಿ, ಯಾರದೋ ಮೈಯ ಹಾಗೆ. ಮಗಳದು ಎಂದು ಗೊತ್ತಿದ್ದೂ ಬೇಡ ಎನ್ನುವಷ್ಟು ದೊಡ್ಡತನ ನನಗೆ ಆಗ ಇರಲಿಲ್ಲ. ದುಡ್ಡು ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. ಮಗಳ ಮದುವೆ ಇನ್ನೂ ದೂರ, ಕುರಿ ಮತ್ತೆ ಬೆಳೆಸುತ್ತವೆ, ನೀನು ಮುಂದಿನ ಸಲ ಕತ್ತೆಯ ಮೇಲೆ ಸಾಮಾನು ಬಿಗಿಯಲು ನಾಲ್ಕು ಒಳ್ಳೆಯ ಹಗ್ಗ ಹೊಸೆದಿಡು ಎಂದಳು. ನಾನು ಈ ತನಕ ಹೊಸೆದ ಹಗ್ಗಗಳಲ್ಲೆಲ್ಲ ಅವೇ ಗಟ್ಟಿ.

ರೈಲಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಎದ್ದುಹೋದರು. ತಿಪಟೂರಿನ ತನಕ ಇಡೀ ಸೀಟಿನಲ್ಲಿ ಕಾಲು ನೀಡಿಕೊಂಡು ಬಂದೆ.

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಗಂಟು ಬಿಚ್ಚುತ್ತಿದ್ದ ಹಾಗೆ ಅತ್ತೆ ಶುರುಮಾಡಿದರು. ಮೀನು ಮಾಂಸ ಕಾಣದ ಮನೆಗೆ ಕುರಿರೊಪ್ಪವನ್ನೇ ತಂದಿದ್ದೀಯ, ಪೂಜೆ ಮಾಡಿದ ಮನೆ, ಯಾರಾದರೂ ಬಂದರೆ ಏನಂದುಕೊಳ್ಳುತ್ತಾರೆ, ಇದರ ಮೇಲೆ ಮಲಗುವುದಕ್ಕಿಂತ ಬಾವಿಗೆ ಹಾಕಿ. ಗದ್ದುಗೆಗೆ ಕರಿಕಂಬಳಿಯೇ ಬೇಕಲ್ಲ, ಅದೇನು ಗಿಡದಲ್ಲಿ ಬಿಡುತ್ತದೆಯೇ ಎಂದು ಕೇಳಿದೆ. ಮೊದಲ ಸಲ ಎದುರು ಮಾತಾಡಿದ್ದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಮಂಚದ ಪಕ್ಕ ಮೊರ ಇಟ್ಟುಕೊಂಡು ಹಿಂಜಲು ಕೂತೆ. ಕೂದಲಲ್ಲಿ ಸಿಕ್ಕಿದ ಮುಳ್ಳು, ಹಿಕ್ಕೆ, ಒಣಹುಲ್ಲು ಒಂದೊಂದೇ ಆರಿಸಿ, ಎಳೆ ಎಳೆ ಬಿಡಿಸಿ, ಮೋಡದ ಹಾಗೆ ಉಬ್ಬಿಸಿ ಬುಟ್ಟಿಗೆ ಹಾಕುವುದು. ಮೊದಲ ದಿನ ನನ್ನ ಕೈ ಹಳೆಯ ಚಾಳಿಯಲ್ಲೇ ಇತ್ತು, ಕಿತ್ತು ಎಳೆಯುತ್ತಿತ್ತು. ಎಳೆದರೆ ಅದು ಗಂಟಾಗುತ್ತಿತ್ತು. ಬೇಸರ ಬಂದು ಕೈ ಸಡಿಲ ಬಿಟ್ಟಾಗ ತಾನಾಗಿ ಬಿಟ್ಟುಕೊಂಡಿತು. ಇದಕ್ಕೆ ರಟ್ಟೆ ಬೇಡ ಎಂಬುದು ನನ್ನ ತಲೆಗೆ ಹೋಗುವ ಮೊದಲು ಬೆರಳಿಗೆ ಹೋಯಿತು. ನಾರಿನ ಕೆಲಸದಲ್ಲಿ ಒಡೆದು ಬಿರುಕು ಬಿಟ್ಟು ಉರಿಯುತ್ತಿದ್ದ ನನ್ನ ಅಂಗೈ, ಆ ಜಿಡ್ಡಿಗೆ ನಾಲ್ಕಾರು ದಿನದಲ್ಲಿ ಮೆತ್ತಗಾಯಿತು. ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ತುಪ್ಪಟ ಮತ್ತೆ ಮೇಲಕ್ಕೆ ಏಳುತ್ತಿತ್ತು. ಎಷ್ಟು ಸಲ ಹಿಚುಕಿದರೂ ಏಳುತ್ತಿತ್ತು. ನಾನು ಕೆಲಸ ಬಿಟ್ಟು ಅದನ್ನೇ ಮಾಡುತ್ತಾ ಕೂತದ್ದನ್ನು ಅತ್ತೆ ಓರೆಗಣ್ಣಿನಲ್ಲಿ ನೋಡುತ್ತಿದ್ದರು.

“ಹಿಂಗೆ ಆಟ ಆಡ್ತಾ ಕುಂತ್ರೆ ಯಾವಾಗ ಮುಗ್ಸೀಯೆ? ಕೊಡಿಲ್ಲಿ ಒಸಿ. ಮುರಿದಿರೋದು ಕಾಲು, ಕೈಯಲ್ಲ.”

ಎದೆಯ ಮೇಲೆ ಒಂದು ಹಿಡಿ ಇಟ್ಟೆ. ಸೂರು ನೋಡುತ್ತಲೇ ಹಿಂಜತೊಡಗಿದರು. ಅವರ ಬೆರಳು ನನ್ನದಕ್ಕಿಂತ ಹಗುರ. ವಾಸನೆಯ ಮಾತು ಮತ್ತೆ ಬರಲಿಲ್ಲ. ಹಿಂಜುತ್ತಾ ಹಿಂಜುತ್ತಾ, ತಾವು ಮದುವೆಯಾಗಿ ಬಂದಾಗ ತಮ್ಮ ಅತ್ತೆ ಎಷ್ಟು ಗೋಳು ಹೊಯ್ದುಕೊಂಡರು ಎಂದು ಹೇಳಿದರು. ನವಿಲಿನ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿದ್ದು ಮಲಗಿದ ಮೇಲೆ ಅವರ ಕೈಗೆ ಮಾಡಲು ಏನೂ ಇರಲಿಲ್ಲ, ಅದೇ ಅವರಿಗೆ ಹುಣ್ಣಿಗಿಂತ ದೊಡ್ಡ ನೋವಾಗಿತ್ತೆಂದು ನನಗೆ ಆಗ ಹೊಳೆಯಿತು.

ಅವರದೇ ಹಳೆಯ ನೂಲಿನ ಸೀರೆಯನ್ನು ಚೀಲ ಹೊಲಿದು, ತುಪ್ಪಟ ತುಂಬಿ, ಅಲ್ಲಲ್ಲಿ ಸಡಿಲವಾಗಿ ಟಾಕು ಹಾಕಿದೆ. ಗಂಡ, ನಾನು, ಪಕ್ಕದ ತೋಟದ ಅಣ್ಣತಮ್ಮಂದಿರು ಸೇರಿ ಉಸಿರು ಬಿಗಿಹಿಡಿದು ಅತ್ತೆಯನ್ನು ಒಂದೇ ಮಟ್ಟದಲ್ಲಿ ಎತ್ತಿ ಅದನ್ನು ಕೆಳಗೆ ಸರಿಸಿದೆವು. ಇಳಿಸಿದ ಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡರು. ಹೇಗಿದೆ ಎಂದು ಕೇಳಿದೆ. ಮಾತಿಲ್ಲ. ಹೆದರಿ ಬಗ್ಗಿ ನೋಡಿದರೆ ನಿದ್ದೆ ಹೋಗಿದ್ದರು.

ನರ್ಸಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕುರಿ ಕೂದಲು ಹುಣ್ಣಿಗೆ ತಾಗಬಾರದು, ಮೇಲೆ ಕುದಿಸಿ ಒಣಗಿಸಿದ ಬಟ್ಟೆ ಹಾಸಿ ದಿನಾ ಬದಲಾಯಿಸಬೇಕು ಎಂದು ಕಟ್ಟುನಿಟ್ಟು ಮಾಡಿದರು. ಮಾಡಿದೆ. ಸಂಜೆ ಬಟ್ಟೆ ತೆಗೆದು ಕೆಳಗೆ ಕೈ ಹಾಕಿ ನೋಡಿದರೆ ಹತ್ತಿಯ ಹಾಗೆ ಒದ್ದೆ ಇಲ್ಲ. ಬೆವರು ಎಲ್ಲಿ ಹೋಗುತ್ತಿತ್ತೋ. ಮೂಲೆಯಲ್ಲಿ ಬಿದ್ದಿದ್ದ ಆ ಕಪ್ಪು ಹಲಗೆಯನ್ನು ನೋಡಿ ನರ್ಸಮ್ಮ ಇದೇನೆಂದು ಕೇಳಿದರು. ನನ್ನ ಪ್ರತಾಪ ಎಂದೆ. ಅವರು ಅದನ್ನು ಒತ್ತಿ ನೋಡಿ, ತುಂಡು ಕತ್ತರಿಸಿ, ತೂಕದ ಪಟ್ಟಿ ಒತ್ತಿ ಗಾಯವಾಗುತ್ತಿದ್ದ ಕಣಕಾಲಿಗೆ ಒಂದು, ಹಿಮ್ಮಡಿಗೆ ಒಂದು ಇಟ್ಟು ಕಟ್ಟಿದರು. ಕಣಕಾಲಿನ ಗಾಯ ಅಷ್ಟಕ್ಕೇ ನಿಂತಿತು.

ಬೆನ್ನಿನದು ಮಾತ್ರ ಬೇಗ ಒಲಿಯಲಿಲ್ಲ. ದಿನಾ ನರ್ಸಮ್ಮ ಬ್ಯಾಂಡೇಜು ಬಿಚ್ಚಿ, ತೊಳೆದು, ಹೊಸದು ಕಟ್ಟಿ ಹೋಗುತ್ತಿದ್ದರು. ಕೆಲವು ದಿನಕ್ಕೊಮ್ಮೆ ಹಾಸಿಗೆಯ ಹೊಲಿಗೆ ಬಿಚ್ಚಿ, ಒತ್ತಿದ್ದ ತುಪ್ಪಟವನ್ನು ಮತ್ತೆ ಹಿಂಜಿ ಉಬ್ಬಿಸುತ್ತಿದ್ದೆವು, ನಾನು ಕೂತು, ಅತ್ತೆ ಮಲಗಿ. ನಾನು ಬಗ್ಗಿ ಮೂಸುತ್ತಿದ್ದೆ. ಔಷಧಿಯ ವಾಸನೆ ಬರುತ್ತಿತ್ತು, ಕುರಿಯ ವಾಸನೆ ಬರುತ್ತಿತ್ತು. ನನ್ನ ಅವ್ವನ ಕೋಣೆಯ ವಾಸನೆ ಬರಲಿಲ್ಲ. ದಿನ ಕಳೆದ ಹಾಗೆ ಆ ಕುರಿಯ ವಾಸನೆ ಮೂಗಿಗೆ ಹೊಡೆದರೆ ಸಾಕು, ಇವತ್ತೂ ಪರವಾಗಿಲ್ಲ ಎಂದು ನನ್ನ ಹೆಗಲು ಇಳಿಯುತ್ತಿತ್ತು. ಈಗಲೂ ಹೊಸ ತುಪ್ಪಟದ ಚೀಲ ಬಿಚ್ಚುವಾಗ ನನಗೆ ಆಗುವುದು ಅದೇ. ಬಂದವರು ಮೂಗು ಮುರಿಯುತ್ತಾರೆ, ನಾನು ಉದ್ದಕ್ಕೆ ಉಸಿರು ಎಳೆದುಕೊಳ್ಳುತ್ತೇನೆ.

ಆಮೇಲೆ ನಾನು ನಾರನ್ನು ಪೂರ್ತಿ ಬಿಡಲಿಲ್ಲ, ಆದರೆ ಮನಸ್ಸು ಉಣ್ಣೆಯ ಕಡೆ ತಿರುಗಿಬಿಟ್ಟಿತ್ತು. ಚಿಕ್ಕನಾಯಕನಹಳ್ಳಿಯ ಕಂಬಳಿ ನೇಯುವವರ ಬೀದಿಗೆ ಹೋಗಿ ನೂಲುವುದು, ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದು ಕಲಿತೆ. ಬಿಸಿನೀರು ಹಾಕಿ ಬಡಿದು ಹಲಗೆ ಮಾಡುವುದನ್ನು ಈ ಸಲ ಬೇಕೆಂದೇ ಮಾಡಿ, ಅದರಲ್ಲೇ ಗೋಡೆಗೆ ತೂಗುಹಾಕುವ ಚಿತ್ರಗಳನ್ನು ಮಾಡಿದೆ. ಎಂಬತ್ತರ ದಶಕದಲ್ಲಿ ಜನ ಬಂದು ನೋಡಿ ಕೊಂಡುಕೊಂಡದ್ದು ಹೆಚ್ಚಾಗಿ ಅವನ್ನೇ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ಯಾರೋ ಹೇಳಿದರು. ಇರಲಿ. ಆದರೆ ನಾನು ಹೇಳಲು ಹೊರಟದ್ದು ಆ ಬೆಳಗಿನ ಸಂಗತಿ.

ಮುಂಗಾರು ಹಿಡಿದಿತ್ತು. ತೂಕ ಆಗಲೇ ಬಿಚ್ಚಿಸಿದ್ದರು, ಅತ್ತೆ ಮಗ್ಗುಲಾಗಬಹುದಿತ್ತು. ನರ್ಸಮ್ಮ ಎಂದಿನ ಹಾಗೆ ಬಂದು ಬ್ಯಾಂಡೇಜು ಬಿಚ್ಚಿ, ಕಿಟಕಿಯ ಬಾಗಿಲು ಇನ್ನಷ್ಟು ತೆರೆಯಲು ಹೇಳಿ, ಬೆರಳಿನಿಂದ ಸುತ್ತಲೂ ಒತ್ತಿ ನೋಡಿದರು. ನಾನು ಹೊಸ ಬಟ್ಟೆ ಮುಂದಕ್ಕೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

“ಇನ್ನು ಬ್ಯಾಡ ಕಣಮ್ಮ. ಮುಚ್ಕೊಂಡಿದೆ.”

ಬಗ್ಗಿ ನೋಡಿದೆ. ಎಳೆಮಗುವಿನ ಚರ್ಮದ ಬಣ್ಣದ ಒಂದು ಕಲೆ, ಅಷ್ಟೇ. ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಚ್ಚಲಿಗೆ ಓಡಿ, ಬಾಗಿಲು ಹಾಕಿಕೊಂಡು, ಅದನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಹೆತ್ತವ್ವ ಹೋದಾಗ ಅಳದೆ ಉಳಿದಿದ್ದದ್ದೂ ಅದರಲ್ಲೇ ಬಂತು ಎಂದು ಕಾಣುತ್ತದೆ, ನಿಲ್ಲಿಸಲು ಆಗಲಿಲ್ಲ. ಬಚ್ಚಲಿಗೂ ಮಂಚಕ್ಕೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಅದರಾಚೆಯಿಂದ ಅತ್ತೆಯ ದನಿ ಬಂತು.

“ಯಾಕೇ ಅಳ್ತೀಯಾ? ನಾನು ಬದ್ಕಂಡೆ ಅಂತಲಾ?”

ಮೂಗು ಒರೆಸಿಕೊಂಡು ಗೋಡೆಯ ಈಚೆಯಿಂದಲೇ ಹೇಳಿದೆ.

“ಹೂಂ ಅತ್ತೆ. ಅದಕ್ಕೇಯ.”

ಆಚೆ ಕಡೆ, ಗೋಡೆಗೆ ಹತ್ತಿರದಲ್ಲೇ, ಅವರೂ ಮೂಗು ಸೀಟಿದ್ದು ಕೇಳಿಸಿತು.